ಒಂದು ಗೇಣಿನ ಉಂಗುರ

ಕಚೇರಿಯ ಗೇಟು ದಾಟಿದ ಕೂಡಲೆ ಮಾವ ಸೊಸೆಗೆ ‘ನೀವು’ ಅನ್ನುತ್ತಿದ್ದರು. ಗೇಟಿನಿಂದ ಆಚೆ ‘ನೀನು’. ಮನೆಗೂ ಗೇಟಿಗೂ ಹತ್ತು ನಿಮಿಷದ ಹಾದಿ. ಬೆಳಿಗ್ಗೆ ಬಾಗಿಲಲ್ಲಿ ನಿಂತು, “ಊಟದ ಡಬ್ಬಿ ಬಿಟ್ಟು ಹೊರಟೆಯಲ್ಲಮ್ಮ, ಮರೆಗುಳಿ” ಎಂದು ಕೂಗಿ ಕೊಡುತ್ತಿದ್ದ ಮನುಷ್ಯ, ಮಧ್ಯಾಹ್ನ ಅವಳಿಂದ ಪಾಳಿ ವಹಿಸಿಕೊಳ್ಳುವಾಗ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, “ನಿಮ್ಮ ಏಳು ಒಂದರ ಹಾಗೆ ಕಾಣುತ್ತೆ. ಸ್ವಲ್ಪ ನಿಧಾನಿಸಿ ಬರೀರಿ” ಎನ್ನುತ್ತಿದ್ದರು. ಅವಳೂ ಅಷ್ಟೇ ಗಂಭೀರವಾಗಿ “ಆಯ್ತು ಸರ್” ಎನ್ನುತ್ತಿದ್ದಳು. ಇದನ್ನು ಕೇಳಿದಾಗಲೆಲ್ಲ ಅತ್ತೆ ಮೂಗು ಮುರಿಯುತ್ತಿದ್ದರು. ಗೇಟು ಕಂಡರೆ ಸಾಕು, ಇವರ ನಾಲಿಗೆಗೆ ಯಾರೋ ಇಸ್ತ್ರಿ ಹಾಕಿಬಿಡುತ್ತಾರೆ ಅನ್ನುವುದು ಅತ್ತೆಯ ಮಾತು.

ಅದು ಹವಾಮಾನ ನೋಡುವ ಸಣ್ಣ ಕಚೇರಿ. ಒಂದು ಕೋಣೆ, ಅದರ ಮುಂದೆ ತಂತಿಬೇಲಿ ಹಾಕಿದ ಹುಲ್ಲಿನ ಅಂಗಳ, ಅಂಗಳದ ನಡುವೆ ನಾಲ್ಕು ಕಾಲಿನ ಮೇಲೆ ನಿಂತ ಬಿಳಿ ಮರದ ಪೆಟ್ಟಿಗೆ, ಅದರೊಳಗೆ ಉಷ್ಣಮಾಪಕಗಳು. ಒಂದು ಮಳೆಮಾಪಕ. ಕಂಬದ ತುದಿಯಲ್ಲಿ ಗಾಳಿ ಬಂದತ್ತ ಮೂತಿ ತಿರುಗಿಸುವ ತಗಡಿನ ಬಾಣ. ಬಿಸಿಲು ಎಷ್ಟು, ಗಾಳಿ ಎಷ್ಟು ಅನ್ನುವುದನ್ನು ಈಗೀಗ ಯಂತ್ರಗಳೇ ಅಳೆದು ದೊಡ್ಡ ಕಚೇರಿಗೆ ಕಳಿಸುತ್ತಿದ್ದವು. ಆಕಾಶವನ್ನು ಮಾತ್ರ ಇನ್ನೂ ಮನುಷ್ಯರ ಕಣ್ಣೇ ನೋಡಬೇಕಿತ್ತು. ಮೂರು ಗಂಟೆಗೊಮ್ಮೆ ಅಂಗಳಕ್ಕೆ ಬಂದು, ಕತ್ತೆತ್ತಿ, ಆಕಾಶವನ್ನು ಮನಸ್ಸಿನಲ್ಲೇ ಎಂಟು ಪಾಲು ಮಾಡಿ, ಎಷ್ಟು ಪಾಲಿಗೆ ಮೋಡ, ಯಾವ ಮೋಡ, ಎಷ್ಟು ಎತ್ತರದ್ದು ಎಂದು ನೋಡಿ, ಒಳಗೆ ಹೋಗಿ ದಪ್ಪ ಪುಸ್ತಕದಲ್ಲಿ ಬರೆಯಬೇಕು. ಮಾವ ಮೂವತ್ತೆಂಟು ವರ್ಷ ಇದನ್ನೇ ಮಾಡಿದ್ದರು. ನಿವೃತ್ತಿಗೆ ಇನ್ನು ನಾಲ್ಕು ತಿಂಗಳಿತ್ತು.

ಅವರು ಅವಳಿಗೆ ಮೊದಲು ಗುರು, ಆಮೇಲೆ ಮಾವ. ಐದು ವರ್ಷದ ಹಿಂದೆ ಪರೀಕ್ಷೆ ಪಾಸು ಮಾಡಿ, ಕಚ್ಚುವ ಹೊಸ ಚಪ್ಪಲಿಯಲ್ಲಿ ಕುಂಟುತ್ತ ಅವಳು ಕೆಲಸಕ್ಕೆ ಬಂದ ಮೊದಲ ವಾರ, ಒಂದು ಸಂಜೆ ಚಂದ್ರನ ಸುತ್ತ ದೊಡ್ಡ ಬೆಳ್ಳಿಯ ಉಂಗುರ ಮೂಡಿತ್ತು. ಅವಳು ಬಾಯಿ ತಡೆಯಲಾರದೆ ಅಜ್ಜಿಯ ಕಥೆ ಹೇಳಿಬಿಟ್ಟಳು. ಚಂದ್ರ ಗುಡಿ ಕಟ್ಟಿ ಕೂತಿದ್ದಾನೆ ಅನ್ನುತ್ತಿದ್ದಳು ಅಜ್ಜಿ. ಸುತ್ತ ಗೋಡೆ ಎಬ್ಬಿಸಿಕೊಂಡು, ಹತ್ತಿರದ ನಕ್ಷತ್ರಗಳನ್ನಷ್ಟೇ ಒಳಗೆ ಕರೆದು, ಮಳೆ ಯಾವಾಗ ಸುರಿಸೋಣ ಎಂದು ಪಂಚಾಯ್ತಿ ಮಾಡುತ್ತಾನಂತೆ. ಒಳಗೆ ಎಷ್ಟು ನಕ್ಷತ್ರ ಕೂತಿವೆಯೋ ಅಷ್ಟು ದಿನಕ್ಕೆ ಮಳೆಯಂತೆ. ಹೇಳಿ ಮುಗಿಸಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಹಿರಿಯರು ನಗಲಿಲ್ಲ. ಜೇಬಿನಿಂದ ಒಂದು ಮೋಟು ಪೆನ್ಸಿಲ್ ತೆಗೆದು ಅವಳ ಅಂಗೈಯಲ್ಲಿಟ್ಟು, ಅದರ ಮುಖಗಳನ್ನು ಎಣಿಸಲು ಹೇಳಿದರು. ಆರು. ಕೆಳಗೆ ನಾವು ಬೆವರು ಒರೆಸಿಕೊಳ್ಳುತ್ತಿರುವಾಗಲೂ ಅಷ್ಟು ಎತ್ತರದಲ್ಲಿ ಮರಗಟ್ಟುವ ಚಳಿಯಂತೆ. ಅಲ್ಲಿನ ತೆಳು ಮೋಡ ನೀರಿನದ್ದಲ್ಲ, ಮಂಜುಗಡ್ಡೆಯ ಹರಳಿನದ್ದಂತೆ. ಒಂದೊಂದು ಹರಳೂ ಈ ಪೆನ್ಸಿಲ್ ಚೂರಿನಂತೆ ಆರು ಮುಖದ್ದು, ಕಣ್ಣಿಗೆ ಕಾಣದಷ್ಟು ಪುಟ್ಟದು. ಬೆಳಕು ಒಂದು ಮುಖದಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಡುವಾಗ ಬಾಗುತ್ತದೆ, ಹೆಚ್ಚು ಬೆಳಕು ಬಾಗುವುದು ಒಂದೇ ಲೆಕ್ಕದಲ್ಲಿ. ಅದಕ್ಕೇ ಸೂರ್ಯನಿಗಾಗಲಿ ಚಂದ್ರನಿಗಾಗಲಿ ಈ ದೊಡ್ಡ ಉಂಗುರದ ಅಳತೆ ಯಾವತ್ತೂ ಅಷ್ಟೇ.

“ತೋಳು ಚಾಚಿ. ಹೆಬ್ಬೆರಳಿಂದ ಚಂದ್ರನ್ನ ಮುಚ್ಚಿ. ಈಗ ಬೆರಳು ಅಗಲಿಸಿ. ಕಿರುಬೆರಳು ಎಲ್ಲಿ ಮುಟ್ತು?”

ಉಂಗುರದ ಮೇಲೇ ಮುಟ್ಟಿತ್ತು. ಒಂದು ಗೇಣು, ಅಳೆದಿಟ್ಟ ಹಾಗೆ.

“ಚಂದ್ರನ್ನ ಮುಚ್ಚಿದ್ರೂ ಉಂಗುರ ಉಳೀತಲ್ಲ, ಅದು ಆಕಾಶದ್ದು ಅನ್ನೋದಕ್ಕೆ ಅದೇ ಸಾಕ್ಷಿ,” ಎಂದಿದ್ದರು. “ನಿಮ್ಮಜ್ಜಿ ಹೇಳಿದ್ದೂ ಸುಳ್ಳಲ್ಲ. ಗುಡಿ ಕಟ್ಟಿರೋದು ನಿಜ. ಇಟ್ಟಿಗೆ ಯಾವ್ದು ಅಂತ ನಾನು ಹೇಳ್ದೆ, ಅಷ್ಟೆ.”

ಅವತ್ತು ಮನೆಗೆ ಹೋದವರು, ಹೊಸ ಹುಡುಗಿಯೊಬ್ಬಳು ಬಂದಿದ್ದಾಳೆ, ಕತ್ತು ನೋಯುವವರೆಗೆ ಮೇಲೆ ನೋಡುತ್ತಾಳೆ ಎಂದು ಹೆಂಡತಿಗೆ ವರದಿ ಒಪ್ಪಿಸಿದರಂತೆ. ಎರಡು ವರ್ಷ ಕಳೆಯುವುದರಲ್ಲಿ ಅವಳು ಆ ಮನೆಯ ಸೊಸೆಯಾದಳು. ಗಂಡ ಮುದ್ರಣಾಲಯದಲ್ಲಿ ಯಂತ್ರ ನಡೆಸುವವನು, ಒಳ್ಳೆಯವನು. ಆಕಾಶ ಅವನಿಗೆ ಕೊಡೆ ಬೇಕೋ ಬೇಡವೋ ಅನ್ನುವಷ್ಟಕ್ಕೆ ಬೇಕಿತ್ತು.

ಕಚೇರಿಯಲ್ಲಿ ಮಾವ ಎರಡು ಕಟ್ಟಳೆ ಇಟ್ಟಿದ್ದರು. ಬರೆದದ್ದನ್ನು ಅಳಿಸುವಂತಿಲ್ಲ, ತಪ್ಪಾದರೆ ಕೆಳಗಿನ ಅಕ್ಷರ ಕಾಣುವ ಹಾಗೆ ಒಂದೇ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ಇದು ಒಂದು. ಎರಡನೆಯದು ಶನಿವಾರ ಸಂಜೆ ಏಳು ಗಂಟೆಯ ಜೋಡಿ ನೋಟ. ಬೆಳಗಿನ ಪಾಳಿ ಮುಗಿಸಿದ್ದ ಅವಳು ಆ ಹೊತ್ತಿಗೆ ಮತ್ತೆ ಬರಬೇಕು. ಇಬ್ಬರೂ ಅಂಗಳದಲ್ಲಿ ಒಂದೇ ಆಕಾಶ ನೋಡಿ, ಮಾತಾಡದೆ, ಬೆನ್ನಿಗೆ ಬೆನ್ನು ಹಾಕಿ ನಿಂತು ಒಂದೊಂದು ಚೀಟಿ ಬರೆಯಬೇಕು. ಆಮೇಲೆ ಚೀಟಿ ಬದಲಾಯಿಸಿಕೊಂಡು ಓದಬೇಕು. ಒಬ್ಬರ ಕಣ್ಣು ಜಾರಿದರೆ ಇನ್ನೊಬ್ಬರದ್ದು ಹಿಡಿದುಕೊಳ್ಳಲಿ ಎಂದು. ಚೀಟಿಗಳೆಲ್ಲ ಒಂದು ಬಿಸ್ಕತ್ತಿನ ಡಬ್ಬಿಗೆ ಹೋಗುತ್ತಿದ್ದವು. ಮೊದಮೊದಲು ಅವಳ ಚೀಟಿಗೂ ಅವರದ್ದಕ್ಕೂ ಅಜಗಜಾಂತರ ಇರುತ್ತಿತ್ತು. ಈಗ ಡಬ್ಬಿ ತೆರೆದು ನೋಡಿದರೆ ಯಾವುದು ಯಾರದ್ದೆಂದು ಅಕ್ಷರ ನೋಡಿಯೇ ಹೇಳಬೇಕಿತ್ತು.

ಆ ಶನಿವಾರ ಪಶ್ಚಿಮದಲ್ಲಿ ನಾಲ್ಕು ಹಿಂಜಿದ ಹತ್ತಿಯಂಥ ಮೋಡ ಬಿಟ್ಟರೆ ಆಕಾಶ ತೊಳೆದಿಟ್ಟ ಹಾಗಿತ್ತು. ಅರ್ಧ ತುಂಬಿದ ಚಂದ್ರ. ಬೆನ್ನ ಹಿಂದಿನಿಂದ ಮಾವನ ಗೊಣಗು ಕೇಳಿಸಿತು. “ಗುಡಿ ಕಟ್ಟಿದ್ದಾನಲ್ಲ ಇವನು,” ಎಂದರು, ತಮಗೆ ತಾವೇ, ಕಟ್ಟಳೆ ಮರೆತು.

ಅವಳು ಮತ್ತೆ ನೋಡಿದಳು. ಚಂದ್ರ ಬರಿಮೈಯಲ್ಲಿ ನಿಂತಿದ್ದ. ಕಣ್ಣು ಉಜ್ಜಿಕೊಂಡು ನೋಡಿದಳು. ನೋಡಿ ನೋಡಿ ಕಣ್ಣಲ್ಲಿ ನೀರು ಬಂದು, ಆ ನೀರಿನಲ್ಲಿ ಏನೋ ಒಂದು ಮಸುಕು ಸುತ್ತು ತೇಲಿದಂತಾಯಿತು. ಮೂವತ್ತೆಂಟು ವರ್ಷ ನೋಡಿದ ಕಣ್ಣು ಅದು. ತನ್ನದು ನಿನ್ನೆ ಮೊನ್ನೆಯದು. ದೊಡ್ಡ ಕಚೇರಿಯವರೂ ಅನುಮಾನ ಬಂದರೆ ಮಾವನಿಗೇ ಫೋನು ಮಾಡಿ ಕೇಳುತ್ತಿದ್ದರು. ತನಗೆ ಕಾಣಲಿಲ್ಲವೆಂದು ಬರೆದು ದಡ್ಡತನ ತೋರಿಸಿಕೊಳ್ಳುವುದೇಕೆ ಅನ್ನಿಸಿತು. ‘ಉಂಗುರ ಇದೆ, ಮಸುಕು’ ಎಂದು ಬರೆದಳು.

ಚೀಟಿ ಬದಲಾಯಿತು. ಮಾವ ಅವಳದ್ದನ್ನು ದೀಪಕ್ಕೆ ಹಿಡಿದು ಓದಿ, ನೀಳವಾಗಿ ಉಸಿರು ಬಿಟ್ಟರು. ಮನೆಯ ದಾರಿಯುದ್ದಕ್ಕೂ ಲವಲವಿಕೆಯಿಂದ ಮಾತಾಡಿದರು. ಶಿಷ್ಯೆಯ ಕಣ್ಣು ಸೂಕ್ಷ್ಮವಾಯಿತೆಂದು ಸಂತೋಷ ಇರಬೇಕು ಎಂದುಕೊಂಡು ಅವಳು ಒಳಗೊಳಗೇ ಕುಗ್ಗಿದಳು.

ಆ ವಾರ ಚಂದ್ರ ಇದ್ದ ಸಂಜೆಗಳಲ್ಲೆಲ್ಲ ಪುಸ್ತಕದಲ್ಲಿ ಉಂಗುರ ಬಂತು. ಬೆಳಿಗ್ಗೆ ಪಾಳಿಗೆ ಬಂದವಳು ಮೊದಲು ಅದನ್ನೇ ತಿರುವಿ ನೋಡುತ್ತಿದ್ದಳು. ಮಾವನ ದುಂಡು ಅಕ್ಷರ, ‘ಉಂಗುರ, ಬಣ್ಣವಿದೆ’. ಆದರೆ ಅಳತೆಯ ಅಂಕಣದಲ್ಲಿ, ಎಲ್ಲಿ ‘ಒಂದು ಗೇಣು’ ಎಂದು ಬರೆಯಬೇಕೋ ಅಲ್ಲಿ, ಏನೂ ಇರಲಿಲ್ಲ. ಮಾವ ಒಂದು ಅಂಕಣವನ್ನು ಖಾಲಿ ಬಿಟ್ಟದ್ದನ್ನು ಅವಳು ಅದೇ ಮೊದಲು ನೋಡಿದ್ದು. ಅವಸರವಿತ್ತೇನೋ ಎಂದುಕೊಂಡಳು. ಕೇಳಲು ಹೋದರೆ ತನ್ನ ಚೀಟಿಯ ಸುಳ್ಳು ಎಳೆಯ ತುದಿ ಹಿಡಿದು ಹೊರಬಂದೀತು ಎಂಬ ಅಳುಕೂ ಇತ್ತು. ಮುಂದಿನ ಶನಿವಾರ ಅವಳು ಕಣ್ಣು ಉಜ್ಜಿಕೊಳ್ಳಲೂ ಇಲ್ಲ. ತುಂಬಿದ ಚಂದ್ರನನ್ನು ಒಮ್ಮೆ ನೋಡಿ, ‘ಉಂಗುರ ಇದೆ’ ಎಂದು ಬರೆದುಕೊಟ್ಟಳು. ಎರಡನೆಯ ಸುಳ್ಳು ಮೊದಲನೆಯದರಷ್ಟು ಕಷ್ಟವಾಗಲಿಲ್ಲ.

ಆಮೇಲೆ ಸಂಜೆ ಚಂದ್ರನಿಲ್ಲದ ದಿನಗಳು ಬಂದವು. ಪುಸ್ತಕದಲ್ಲಿ ಉಂಗುರಗಳು ನಿಂತವು. ಎಲ್ಲ ತಣ್ಣಗಾಯಿತು ಎಂದುಕೊಂಡಿದ್ದಳು. ಮಾವ ಮಾತ್ರ ರಾತ್ರಿ ಪಾಳಿ ಮುಗಿಸಿ ಮನೆಗೆ ಬಂದು ಹಣೆ ಹಿಡಿದು ಕೂರುತ್ತಿದ್ದರು. ಹುಬ್ಬಿನ ಮೇಲೆ ಸುತ್ತಿಗೆಯಲ್ಲಿ ಬಡಿದ ಹಾಗೆ ನೋವು, ಕನ್ನಡಕದ ನಂಬರು ಬದಲಾಗಿರಬೇಕು ಅನ್ನುತ್ತಿದ್ದರು. ಎರಡು ಸಲ ಊಟ ಹೊಟ್ಟೆಯಲ್ಲಿ ನಿಲ್ಲಲಿಲ್ಲ.

ಒಂದು ರಾತ್ರಿ ಅತ್ತೆ ಅಡುಗೆಮನೆಯಲ್ಲಿ ಬಟ್ಟಲು ಒರೆಸುತ್ತಿದ್ದರು, ಅವಳು ತರಕಾರಿ ಹೆಚ್ಚುತ್ತಿದ್ದಳು. ಮಾವ ನೀರು ಕುಡಿಯಲು ಬಂದವರು ಲೋಟ ಹಿಡಿದು ಮೇಲೆ ನೋಡುತ್ತ ನಿಂತರು.

“ನೋಡ್ರೇ, ಈ ಬಲ್ಬೂ ಗುಡಿ ಕಟ್ಟಿದೆ,” ಎಂದು ನಕ್ಕರು.

“ಒಳಗೆ ಎಷ್ಟು ಸೊಳ್ಳೆ ಕೂತಿವೆ ಎಣ್ಸಿ,” ಎಂದರು ಅತ್ತೆ. “ಅಷ್ಟು ದಿನಕ್ಕೆ ಮಳೆ.”

ಪಾತ್ರೆಯ ಹಬೆ ಇರಬೇಕು ಎಂದು ಮಾವ ಹೊರಗೆ ಹೋದರು. ಒಲೆಯ ಮೇಲೆ ಪಾತ್ರೆಯೇ ಇರಲಿಲ್ಲ. ಅವಳು ಕೈಯಲ್ಲಿದ್ದ ಚಾಕು ಕೆಳಗಿಟ್ಟು ಬಲ್ಬನ್ನು ನೋಡಿದಳು. ನೊಣದ ಹಿಕ್ಕೆಯ ಚುಕ್ಕೆ ಹತ್ತಿದ ಸಾದಾ ಬಲ್ಬು, ಸುತ್ತ ಏನೂ ಇಲ್ಲ. ಉಂಗುರ ಮೋಡದಲ್ಲಿರಲಿಲ್ಲ. ಚಂದ್ರನಿಂದ ಚಂದ್ರನಿಗೆ, ಬಲ್ಬಿನಿಂದ ಬಲ್ಬಿಗೆ, ಅದನ್ನು ಮಾವ ತಮ್ಮ ಕಣ್ಣಿನಲ್ಲೇ ಹೊತ್ತು ತಿರುಗುತ್ತಿದ್ದರು.

ಮಾರನೆಯ ದಿನ ಅವಳು ಸುತ್ತಿ ಬಳಸಿ ಮಾತು ತೆಗೆದಳು. ತಲೆನೋವು ಇಷ್ಟು ದಿನ ಇರಬಾರದು ಮಾವ, ಒಂದು ಸಲ ಕಣ್ಣಿನ ಡಾಕ್ಟರಿಗೆ ತೋರಿಸಿಬಿಡೋಣ ಎಂದಳು. ಮಾವ ಕೈ ಬೀಸಿ ತಳ್ಳಿಹಾಕಿದರು. ಕಣ್ಣಿಗೇನಾಗಿದೆ? ತಮಗೆ ಕಂಡದ್ದೇ ಅವಳಿಗೂ ಕಂಡಿದೆ, ಒಂದಲ್ಲ ಎರಡು ಶನಿವಾರ, ಡಬ್ಬಿಯಲ್ಲಿ ಚೀಟಿ ಇದೆ. ಸೊಸೆಯ ಕಣ್ಣು ನೆಟ್ಟಗಿದ್ದರೆ ಮಾವನದ್ದೂ ನೆಟ್ಟಗಿದೆ. ಅಷ್ಟು ಹೇಳಿ ಅವರು ಪೇಪರು ಬಿಡಿಸಿದರು, ಅಕ್ಷರವನ್ನು ಮೂಗಿಗೆ ಒರಗಿಸಿಕೊಂಡಷ್ಟು ಹತ್ತಿರ.

ತಾನು ಬರೆದ ಎರಡು ಚೀಟಿ ಎದುರು ಬಂದು ದಾರಿಗೆ ಅಡ್ಡ ನಿಂತವು. ಹೇಳಿದರೆ ಮಾವನ ಉಂಗುರಗಳೆಲ್ಲ ಸುಳ್ಳಾಗುತ್ತವೆ. ಮೂವತ್ತೆಂಟು ವರ್ಷದ ಮರ್ಯಾದೆ, ಅದೂ ನಿವೃತ್ತಿಯ ಹೊಸ್ತಿಲಲ್ಲಿ. ಸಾಲದ್ದಕ್ಕೆ ತಾನೂ ಸುಳ್ಳುಗಾತಿಯಾಗುತ್ತಾಳೆ. ಹೇಳದಿದ್ದರೆ? ಅದನ್ನು ಯೋಚಿಸಲು ಹೊರಟಾಗಲೆಲ್ಲ ಅಡುಗೆಮನೆಯ ಬಲ್ಬು ಕಣ್ಣ ಮುಂದೆ ಬರುತ್ತಿತ್ತು. ಮಾತು ನಾಲಿಗೆಯ ತುದಿಯವರೆಗೆ ಬಂದು, ಮಾವನ ಮುಖ ಕಂಡ ಕೂಡಲೆ ಉಗುಳಿನೊಂದಿಗೆ ಒಳಗಿಳಿಯುತ್ತಿತ್ತು. ಹೀಗೆ ನಾಲ್ಕು ದಿನ ಹೋಯಿತು. ಐದನೆಯದು ಶನಿವಾರ.

ಆವತ್ತಿನ ಚಂದ್ರ ಎಳೆಯವನು, ಕತ್ತರಿಸಿ ಬಿಸುಟ ಉಗುರಿನಷ್ಟು. ಮೋಡ ಒಂದೂ ಇರಲಿಲ್ಲ. ಬೆನ್ನಿಗೆ ಬೆನ್ನು ಹಾಕಿ ನಿಂತರು. ಮಾವನ ಪೆನ್ಸಿಲ್ ಬೇಗ ನಿಂತಿತು. ಅವಳದ್ದು ಏಳಲೇ ಇಲ್ಲ. “ಆಯ್ತೇನ್ರಿ?” ಎಂದು ಮಾವ ಎರಡು ಸಲ ಕೇಳಿದರು. ಕೊನೆಗೆ ಅವಳು ಬರೆದಳು. ಮೋಡ ಸೊನ್ನೆ. ಉಂಗುರ ಇಲ್ಲ. ‘ಇಲ್ಲ’ದ ಕೆಳಗೆ ಕೈ ತಾನಾಗಿ ಒಂದು ಗೆರೆ ಎಳೆಯಿತು.

ಮಾವ ಚೀಟಿಯನ್ನು ದೀಪದ ಕೆಳಗೆ ಓದಿದರು. ಮತ್ತೆ ಓದಿದರು. ಅವರ ಚೀಟಿ ಅವಳ ಕೈಯಲ್ಲಿತ್ತು: ಉಂಗುರ ಇದೆ, ಬಣ್ಣವಿದೆ. ಮಾವ ಅಂಗಳಕ್ಕೆ ವಾಪಸು ಹೋಗಿ, ಚಂದ್ರನ ಕಡೆ ತಿರುಗಿ, ತೋಳು ಚಾಚಿದರು. ಹೆಬ್ಬೆರಳು ಮೇಲೆತ್ತಿದರು. ಚಂದ್ರನನ್ನು ಮುಚ್ಚಿದರು. ತೆಗೆದರು. ಮತ್ತೆ ಮುಚ್ಚಿದರು. ಹೆಬ್ಬೆರಳ ಹಿಂದೆ ಚಂದ್ರ ಹೋದರೆ ಉಂಗುರವೂ ಅವನ ಜೊತೆಗೇ ಹೋಗುತ್ತಿತ್ತು.

“ಹೋದ ತಿಂಗಳು?” ಎಂದು ತಿರುಗದೆಯೇ ಕೇಳಿದರು.

“ಅವತ್ತೂ ಇರ್ಲಿಲ್ಲ ಮಾವ.” ಗೇಟಿನೊಳಗೆ ಅವಳು ಅವರನ್ನು ಮಾವ ಎಂದದ್ದು ಅದೇ ಮೊದಲು. “ಎರಡು ಸಲಾನೂ ಇರ್ಲಿಲ್ಲ. ನೀವು ಗುಡಿ ಕಟ್ಟಿದ್ದಾನೆ ಅಂದ್ರಿ. ನನ್ನ ಕಣ್ಣಿಗೇ ಗೊತ್ತಾಗ್ತಿಲ್ಲ ಅಂದ್ಕೊಂಡೆ.”

ಮಾವ ಬಿಳಿ ಪೆಟ್ಟಿಗೆಯ ಮೆಟ್ಟಿಲ ಮೇಲೆ ಕೂತರು. ಬೈದರೆ ಚೆನ್ನಾಗಿತ್ತು ಅನ್ನಿಸುವಂಥ ಸಣ್ಣ ದನಿಯಲ್ಲಿ ಮಾತಾಡಿದರು.

“ಆ ವಾರ ಬೀದಿ ದೀಪಕ್ಕೂ ಕಾಣ್ತಿತ್ತು ನಂಗೆ. ಸೋಮವಾರ ಡಾಕ್ಟ್ರ ಹತ್ರ ಹೋಗೋಣ ಅಂತಿದ್ದೆ. ಶನಿವಾರ ನಿಮ್ಮ ಚೀಟಿ ನೋಡ್ದೆ. ಸದ್ಯ, ಆಕಾಶದ್ದೇ ಅಂತ ಸುಮ್ಮನಾದೆ.”

ಆ ನೀಳವಾದ ಉಸಿರು, ಆ ಲವಲವಿಕೆ, ಎಲ್ಲದರ ಅರ್ಥ ಅವಳಿಗೆ ಈಗ ತಿಳಿಯಿತು. ಮಾವ ಶಿಷ್ಯೆಯ ಪರೀಕ್ಷೆ ಮಾಡುತ್ತಿರಲಿಲ್ಲ. ತಮ್ಮ ಕಣ್ಣನ್ನು ತಂದು ಅವಳ ಮುಂದೆ ಇಟ್ಟಿದ್ದರು, ನೋಡಿ ಹೇಳಮ್ಮ ಎಂದು. ಅವಳು ನೋಡದೆ ಹೇಳಿದ್ದಳು.

ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕತ್ತಲ ಕೋಣೆಯಲ್ಲಿ ಕೂರಿಸಿ, ಯಂತ್ರದ ಮೇಲೆ ಗಲ್ಲ ಇಡಿಸಿ, ಎರಡೂ ಕಣ್ಣನ್ನು ಬಹಳ ಹೊತ್ತು ನೋಡಿದರು. ದೀಪದ ಸುತ್ತ ಬಣ್ಣದ ಬಳೆ ಕಾಣುತ್ತಿತ್ತೇ ಎಂದು ಕೇಳಿದರು. ದೀಪದ ಸುತ್ತ ಅಂತಲ್ಲ, ಹೆಚ್ಚಾಗಿ ಚಂದ್ರನ ಸುತ್ತ ಎಂದರು ಮಾವ. ಯಾವಾಗಿನಿಂದ ಎಂದಾಗ ತಾರೀಖು, ಗಂಟೆ, ಆಗಿನ ಬಿಸಿಲು, ಗಾಳಿ ಎಲ್ಲವನ್ನೂ ಬಾಯಿಪಾಠ ಒಪ್ಪಿಸಿದರು. ರೋಗದ ದಿನಚರಿಯನ್ನು ಇಷ್ಟು ಅಚ್ಚುಕಟ್ಟಾಗಿ ಇಟ್ಟವರನ್ನು ನೋಡೇ ಇಲ್ಲ ಎಂದು ಡಾಕ್ಟರಮ್ಮ ನಕ್ಕರು. ಆಮೇಲೆ ನಗು ನಿಲ್ಲಿಸಿ, ಕಣ್ಣಿನೊಳಗಿನ ನೀರು ಸರಿಯಾಗಿ ಹರಿದು ಹೋಗದೆ ಒತ್ತಡ ಏರಿ, ಒಳಗಿನ ನರ ಸವೆದಿದೆ ಎಂದು ವಿವರಿಸಿದರು. ಒಂದು ಕಣ್ಣು ಕೆಡುತ್ತಿದ್ದರೆ ಇನ್ನೊಂದು ಸದ್ದಿಲ್ಲದೆ ಅದರ ಕೆಲಸವನ್ನೂ ಮಾಡುತ್ತದೆ, ಅದಕ್ಕೇ ಯಾರಿಗೂ ಬೇಗ ತಿಳಿಯುವುದಿಲ್ಲ. ಎಡಗಣ್ಣಿನಲ್ಲಿ ಬೆಳಕು ಕತ್ತಲೆ ಬಿಟ್ಟು ಹೆಚ್ಚೇನೂ ಉಳಿದಿಲ್ಲ. ಬಲಗಣ್ಣನ್ನು ಹಿಡಿದು ನಿಲ್ಲಿಸಬಹುದು, ಆದರೆ ಮಸುಕಾದದ್ದು, ತೆಳುವಾದದ್ದು ಇನ್ನು ಮೊದಲಿನಂತೆ ಕಾಣಲಿಕ್ಕಿಲ್ಲ. ಒಂದು ತಿಂಗಳು ಮುಂಚೆ ಬಂದಿದ್ದರೆ ಎಡಗಣ್ಣಿನಲ್ಲೂ ಇನ್ನೊಂದಿಷ್ಟು ಉಳಿಯುತ್ತಿತ್ತು.

ಒಂದು ತಿಂಗಳು. ಬಾಗಿಲ ಹತ್ತಿರ ನಿಂತಿದ್ದ ಅವಳು ಶನಿವಾರಗಳನ್ನು ಹಿಂದಕ್ಕೆ ಎಣಿಸಿದಳು.

ಬಲಗಣ್ಣಿಗೆ ಅವತ್ತೇ ಲೇಸರ್ ಕಿರಣದ ಚಿಕಿತ್ಸೆಯಾಯಿತು, ವಾರದ ಮೇಲೆ ಎಡಗಣ್ಣಿಗೂ. ಮಾವ ಉಳಿದ ರಜೆಯನ್ನೆಲ್ಲ ಒಟ್ಟಿಗೆ ಹಾಕಿದರು. ಮನೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿರುತ್ತಿದ್ದರು. ಅವಳು ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಹನಿ ಹಾಕುವಾಗ ತಲೆ ಹಿಂದೆ ವಾಲಿಸಿ, “ಹಾಕಿ” ಎನ್ನುತ್ತಿದ್ದರು. ಲೋಟ ಕೊಟ್ಟರೆ “ಅಲ್ಲಿಡಿ”. ಊಟಕ್ಕೆ ಕರೆದರೆ “ನೀವು ಮುಗಿಸಿ”. ಗೇಟು ಈಗ ಮನೆಯೊಳಗೇ ಬಂದು ನಿಂತಿತ್ತು. ಅತ್ತೆ ಒಂದೆರಡು ದಿನ ಸಹಿಸಿದರು. ಮೂರನೆಯ ದಿನ, ಕಚೇರಿಯ ಇಸ್ತ್ರಿಪೆಟ್ಟಿಗೆಯನ್ನೂ ಮನೆಗೆ ಹೊತ್ತು ತಂದಿರಾ ಎಂದು ಗಂಡನಿಗೆ ಕುಟುಕಿದರು. ಗಂಡ ಅವಳಿಗೆ, ಹೋಗಲಿ ಬಿಡು, ಬೇಕೆಂದು ಮಾಡಿದ್ದಲ್ಲವಲ್ಲ ಎಂದು ಸಮಾಧಾನ ಹೇಳಿದ. ಬೇಕೆಂದೇ ಮಾಡಿದ್ದೆ ಎಂದಳು. ಅತ್ತೆ ಮಾತ್ರ ಹನಿ ಹಾಕುವ ಹೊತ್ತು ತಪ್ಪದ ಹಾಗೆ ಗಡಿಯಾರದ ಪಕ್ಕದಲ್ಲೇ ಕೂರುತ್ತಿದ್ದರು. ಚೀಟಿಗಳ ಬಗ್ಗೆ ಸೊಸೆಗೆ ಒಂದು ಮಾತೂ ಆಡಲಿಲ್ಲ. ಆಡದೆ ಇದ್ದುದೇ ಅವಳಿಗೆ ಹೆಚ್ಚು ಕೊರೆಯಿತು.

ಮೂರನೆಯ ವಾರ ಮಾವ ಕಚೇರಿಗೆ ಹೊರಟರು, ಒಂದು ಗಂಟೆಯ ಕೆಲಸವಿದೆ ಎಂದು. ದಪ್ಪ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಾಕಿಕೊಂಡು, ಅವಳಿಗೆ ಒಂದೊಂದೇ ಸಂಜೆಯನ್ನು ಓದಲು ಹೇಳಿದರು. ಒಂಬತ್ತು ಉಂಗುರ. ಎಂಟು ಸಂಜೆ ಎತ್ತರದ ತೆಳು ಮೋಡ ಇರಲೇ ಇಲ್ಲ. ಎಂಟರ ಮೇಲೂ ಒಂದೊಂದು ಗೆರೆ ಎಳೆದು ಸಹಿ ಹಾಕಿದರು. ಒಂಬತ್ತನೆಯ ಸಂಜೆ ಮಾತ್ರ ತೆಳು ಮೋಡ ಇತ್ತು. ಇದು ನಿಜವೇ ಇದ್ದೀತು, ಇಟ್ಟುಕೊಳ್ಳಿ ಎಂದಳು ಅವಳು, ಆಸೆಯಿಂದ.

“ಅವತ್ತು ಕಂಡಿದ್ದು ಆಕಾಶದ್ದೋ ನಂದೋ ನಂಗೇ ಗೊತ್ತಿಲ್ಲ,” ಎಂದು ಮಾವ ಅದಕ್ಕೂ ಗೆರೆ ಎಳೆದರು. ಪೆನ್ನಿನ ಮುಚ್ಚಳ ಹಾಕುತ್ತ ಇನ್ನೊಂದು ಮಾತು ಹೇಳಿದರು. “ಊರಿಗೆಲ್ಲ ಹೆಬ್ಬೆರಳು ಹಿಡಿಯೋಕೆ ಕಲಿಸ್ದೆ. ಒಂಬತ್ತು ಸಂಜೆ ಕೈ ಜೇಬಲ್ಲೇ ಇಟ್ಕೊಂಡಿದ್ದೆ. ಹೆದರಿಕೆ. ಚೀಟಿ ಒಂದರದ್ದೇ ತಪ್ಪಲ್ಲ.”

ಅವಳು ಬಿಸ್ಕತ್ತಿನ ಡಬ್ಬಿ ತೆರೆದು ತನ್ನ ಎರಡು ಚೀಟಿ ಹುಡುಕಿ ತೆಗೆದಳು. ಎರಡರ ಮೇಲೂ ಗೆರೆ ಎಳೆದು, ‘ಕಾಣಲಿಲ್ಲ, ಕಂಡಿತೆಂದು ಬರೆದೆ’ ಎಂದು ಬರೆದು ಸಹಿ ಮಾಡಿ ಅವರ ಮುಂದಿಟ್ಟಳು. ಮಾವ ಓದಿದರು. ಮಡಿಸಿ ಡಬ್ಬಿಗೆ ಹಾಕಿದರು. ಮನೆಗೆ ಹೋಗುವಾಗ ಗೇಟು ದಾಟಿದ ಮೇಲೂ, “ಆಟೋ ಬರ್ತಿದೆ, ಪಕ್ಕಕ್ಕೆ ಬನ್ನಿ” ಎಂದರು.

ಅದಾಗಿ ಹತ್ತು ದಿನಕ್ಕೆ, ಒಂದು ರಜೆಯ ಬೆಳಿಗ್ಗೆ, ಅವಳು ಅತ್ತೆಯ ಜೊತೆ ತಾರಸಿಯ ಮೇಲೆ ಬಟ್ಟೆ ಹರವುತ್ತಿದ್ದಳು. ಮಾವ ನೀರಿನ ಟ್ಯಾಂಕಿನ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಿಸಿಲು ಏಕೋ ಮೆತ್ತಗಿತ್ತು, ಹಾಲಿಗೆ ನೀರು ಬೆರೆಸಿದ ಹಾಗೆ. ಮಾವ ಎದ್ದು ನಿಂತರು. ತೋಳು ಚಾಚಿ, ಹೆಬ್ಬೆರಳಿನಿಂದ ಸೂರ್ಯನನ್ನು ಮುಚ್ಚಿ, ಬಹಳ ಹೊತ್ತು ಮೇಲೆ ನೋಡಿದರು. ಆಮೇಲೆ ಒಳಗೆ ಹೋಗಿ ಹಳೆಯ ಕ್ಯಾಲೆಂಡರಿನ ಒಂದು ಹಾಳೆಯನ್ನು ಎರಡು ತುಂಡು ಮಾಡಿಕೊಂಡು ಬಂದರು.

“ನಾನೇನೂ ಹೇಳಲ್ಲ. ನೋಡಿ, ಬರೀರಿ.”

ಅತ್ತೆ ಒದ್ದೆ ದುಪ್ಪಟಿ ಹಿಡಿದುಕೊಂಡೇ ಸರಿದು ನಿಂತರು. ಅವಳು ಕೈ ಒರೆಸಿಕೊಂಡು, ಹೆಬ್ಬೆರಳು ಎತ್ತಿ ನೋಡಿದಳು.

ಇತ್ತು. ಸೂರ್ಯನನ್ನು ಮುಚ್ಚಿದರೂ ಅಲ್ಲೇ ಇತ್ತು. ನೆತ್ತಿಯ ಕಡೆ ಎದ್ದು ಕಾಣುವ ಬಿಳುಪು, ಒಳಅಂಚಿಗೆ ಕೆಂಪಿನ ಸುಳಿವು, ಅಲ್ಲಿಂದ ಎರಡು ಪಕ್ಕಕ್ಕೂ ತೆಳುವಾಗುತ್ತ, ಉಸಿರು ಬಿಟ್ಟರೆ ಕರಗೀತು ಅನ್ನುವಷ್ಟು ತೆಳುವಾಗುತ್ತ ಇಳಿದಿತ್ತು. ಮಾವನ ನೋಟ ನಿಂತದ್ದು ನೆತ್ತಿಯ ಕಡೆ ಮಾತ್ರ ಎಂಬುದು ಅವಳಿಗೆ ನೆನಪಾಯಿತು. ಪಕ್ಕಕ್ಕೆ ಮುಖ ತಿರುಗಿಸಿದ್ದರು, ಹುಡುಕಿದ್ದರು, ಮತ್ತೆ ಮೇಲಕ್ಕೇ ಬಂದಿದ್ದರು. ‘ಮೇಲೆ ಮಾತ್ರ’ ಎಂದು ಬರೆದರೆ ಎರಡು ಚೀಟಿಯೂ ಒಂದೇ ಆಗುತ್ತಿತ್ತು. ಮಾವ ಇನ್ನೊಮ್ಮೆ ನೀಳವಾಗಿ ಉಸಿರು ಬಿಡುತ್ತಿದ್ದರು. ಎರಡು ಪದ. ಅವಳ ಕೈಗೆ ಅದು ಎಷ್ಟು ಸುಲಭವೆಂದು ಗೊತ್ತಿತ್ತು. ಮಾವನಿಗೆ ಬೆನ್ನು ಮಾಡಿ, ತಂತಿಯ ಮೇಲಿನ ಅಂಗಿಗಳ ಕಡೆ ಮುಖ ಮಾಡಿ ನಿಂತು, ಅವಳು ಬರೆದಳು: ‘ಉಂಗುರ ಇದೆ. ಪೂರ್ತಿ. ಒಂದು ಗೇಣು.’

ಚೀಟಿ ಬದಲಾಯಿತು. ಮಾವನದ್ದರಲ್ಲಿ ಹೀಗಿತ್ತು: ‘ಉಂಗುರ ಇದೆ. ಮೇಲಿನ ತುಂಡು ಮಾತ್ರ. ಒಂದು ಗೇಣು.’

ಮಾವ ಅವಳ ಚೀಟಿಯನ್ನು ಹಿಡಿದು ನಿಂತೇ ಇದ್ದರು. ತಂತಿಯಿಂದ ನೀರು ತೊಟ್ಟಿಕ್ಕುವ ಸದ್ದು. ಕೊನೆಗೆ ಮಾವ ಮತ್ತೆ ತೋಳು ಚಾಚಿದರು. ಹೆಬ್ಬೆರಳು ಸೂರ್ಯನ ಮೇಲೆ, ಕಿರುಬೆರಳು ನೆತ್ತಿಗೆ.

“ಇಲ್ಲಿದೆ, ನಂಗೂ ಕಾಣುತ್ತೆ,” ಎಂದರು. “ಮಿಕ್ಕಿದ್ದು ನೀನು ಹೇಳಮ್ಮ.”

ಮಾವ ಗೇಣನ್ನು ಗಡಿಯಾರದ ಮುಳ್ಳಿನಂತೆ ನಿಧಾನವಾಗಿ ತಿರುಗಿಸತೊಡಗಿದರು. ಅವಳು ಅವರ ಭುಜದ ಹಿಂದೆ ಬಂದು, ಅವರ ಕಿರುಬೆರಳಿನ ತುದಿಯನ್ನೇ ನೋಡುತ್ತ ಹೇಳುತ್ತ ಹೋದಳು.

“ಇಲ್ಲಿದೆ. ಇಲ್ಲೂ ಇದೆ, ಸ್ವಲ್ಪ ತೆಳು. ಇಲ್ಲಿ ಇನ್ನೂ ತೆಳು, ಆದ್ರೆ ಇದೆ. ಇಲ್ಲಿ...” ಕಿರುಬೆರಳು ಕೆಳಗೆ ಬಂದು ನಿಂತಿತ್ತು. “ಇಲ್ಲಿ ಟ್ಯಾಂಕ್ ಅಡ್ಡ ಬಂದಿದೆ ಮಾವ. ಗೊತ್ತಾಗಲ್ಲ.”

ಮಾವ ತೋಳು ಇಳಿಸಿ ಅವಳ ಕಡೆ ತಿರುಗಿದರು. ಕಪ್ಪು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು.

“ಮತ್ತೆ ಪೂರ್ತಿ ಅಂತ ಬರೆದಿದ್ದೀಯ?”

ಅತ್ತೆ ದುಪ್ಪಟಿಯ ಹಿಂದೆ ನಕ್ಕುಬಿಟ್ಟರು. ಅವಳು ತನ್ನ ಚೀಟಿಯನ್ನು ವಾಪಸು ತೆಗೆದುಕೊಂಡು, ಟ್ಯಾಂಕಿಗೆ ಒತ್ತಿಟ್ಟು, ‘ಪೂರ್ತಿ’ಯ ಮೇಲೆ, ಅಕ್ಷರ ಕಾಣುವ ಹಾಗೆ, ಒಂದು ಗೆರೆ ಎಳೆದಳು. ‘ಕೆಳಗಿನ ತುಂಡು ಗೊತ್ತಿಲ್ಲ, ಟ್ಯಾಂಕ್ ಅಡ್ಡ’ ಎಂದು ಪಕ್ಕದಲ್ಲಿ ಬರೆದು ಸಹಿ ಹಾಕಿದಳು. ಮಾವ ಕೈ ಚಾಚಿ ಎರಡು ಚೀಟಿಯನ್ನೂ ಇಸಿದುಕೊಂಡು, ಒಟ್ಟಿಗೆ ಸೇರಿಸಿ ಮಡಿಸಿ ಜೇಬಿಗೆ ಹಾಕಿಕೊಂಡರು, ಸೋಮವಾರ ಡಬ್ಬಿಗೆ ಹಾಕಲು ಕೊಡುತ್ತೇನೆಂದು ಹೇಳಿ. ಆಮೇಲೆ ಕುರ್ಚಿಯನ್ನು ಟ್ಯಾಂಕಿನ ನೆರಳಿನಿಂದ ಆಚೆಗೆ ಎಳೆದುಕೊಂಡು ಕೂತರು, ಉಂಗುರ ಕರಗುವವರೆಗೂ ಅದರ ಕೆಳಗೆ.